ನಲವತ್ತೆರಡನೇ ಪುಟ

ದಾವಣಗೆರೆ
೧೦ ಫೆಬ್ರವರಿ ೨೦೨೫

ಏ ಭವ್ಯಾ,

ಹತ್ತನೇ ಕ್ಲಾಸಿನ ಕನ್ನಡ ಪರೀಕ್ಷೆಯಲ್ಲಿ ಐದು ಅಂಕಕ್ಕೆ ಪತ್ರ ಬರೆದದ್ದು ಬಿಟ್ಟರೆ ಇದೇ ಮೊದಲು. ಆವಾಗ ಮೇಲೆ ಕೆಳಗೆ ಕ್ಷೇಮ ಸಮಾಚಾರ ತುಂಬಿಸಬೇಕಿತ್ತು. ಈಗ ಅಂಕ ಕೊಡುವವರು ಯಾರೂ ಇಲ್ಲವಲ್ಲ, ನೇರವಾಗಿ ಕೇಳುತ್ತೇನೆ. ಎಲ್ಲಿ ಹಾಳಾಗಿ ಹೋಗಿದ್ದೀಯ?

ಹತ್ತು ದಿನದಿಂದ ಕಾಲೇಜಿಗಿಲ್ಲ. ಫೋನ್ ಸ್ವಿಚ್ ಆಫ್. ನಿಟ್ಟುವಳ್ಳಿಯ ನಿಮ್ಮ ಮನೆಗೆ ಹೋದರೆ ನಿಮ್ಮವ್ವ ಬಾಗಿಲು ಅರ್ಧ ತೆಗೆದು, "ಊರಿಗೆ ಹೋಗ್ಯಾಳಮ್ಮ, ಇನ್ನೊಂದಿನ ಬಾ" ಅಂದರು. ಯಾವ ಊರು ಅಂತ ಕೇಳುವಷ್ಟರಲ್ಲಿ ಬಾಗಿಲು ಮುಚ್ಚಿತ್ತು. ಕೊನೆಗೆ ಪತ್ತೆ ಹಚ್ಚಿದವಳು ಶಹಜಾದಿ. ಹರಿಹರದಲ್ಲಿ ಅವರ ಓಣಿಯ ಹಿಟ್ಟಿನ ಗಿರಣಿ ಹತ್ತಿರ ನಿನ್ನನ್ನು ನೋಡಿದಳಂತೆ. ಕರೆದರೆ ತಲೆ ತಗ್ಗಿಸಿಕೊಂಡು ಹೋದೆಯಂತೆ. ಸೋದರಮಾವನ ಮನೆಯಲ್ಲಿದ್ದೀಯ ಅಂತ ಅವಳ ಅಮ್ಮಿ ಹಜೀರಾಬೀ ವಿಚಾರಿಸಿ ಹೇಳಿದರು. ಶಹಜಾದಿ ದಿನಾ ಬಸ್ಸಿನಲ್ಲಿ ಇಲ್ಲಿಗೆ ಬಂದು ಹೋಗುತ್ತಾಳಲ್ಲ, ಇನ್ನು ಮುಂದೆ ಅವಳ ಅರ್ಥಶಾಸ್ತ್ರದ ನೋಟ್ಸೇ ನಮ್ಮ ಅಂಚೆ ಡಬ್ಬಿ.

ಶನಿವಾರ ಬೀಳ್ಕೊಡುಗೆ ಆಯಿತು. ನೀನಿಲ್ಲದೆ! ಅರವತ್ತೊಂದು ಹುಡುಗಿಯರು ಸೀರೆ ಉಟ್ಟು, ಅದರಲ್ಲಿ ಐವತ್ತು ಜನ ನೆರಿಗೆ ತುಳಿದು ಎಡವಿ, ಆಮೇಲೆ ಎಲ್ಲರೂ ಸೇರಿ ಅತ್ತರು. ಸುಂಕಲಮ್ಮನಂತೂ ಪ್ರಾರ್ಥನೆ ಹಾಡುವಾಗಲೇ ಶುರು ಮಾಡಿದಳು.

ಪುಸ್ತಕವೂ ಬಿಡುಗಡೆಯಾಯಿತು. ನಮ್ಮ ಕಾಲೇಜಿನ ಪದ್ಧತಿಯ ಪ್ರಕಾರ, ಹೊರಟು ಹೋಗುವವರಲ್ಲಿ ಒಬ್ಬೊಬ್ಬರಿಗೂ ಒಂದು ಪುಟ. ಹೆಸರು, ಸ್ವಭಾವ, ಚಟುವಟಿಕೆ, ಗುರಿ. ತನ್ನದನ್ನು ತಾನೇ ಬರೆಯುವ ಹಾಗಿಲ್ಲ, ಚೀಟಿ ಎತ್ತಿ ಇನ್ನೊಬ್ಬರು ಬರೆಯಬೇಕು. ಎಷ್ಟು ಚೆನ್ನಾಗಿ ಬಂದಿದೆ ಗೊತ್ತಾ? ಶಹಜಾದಿಗೆ "ಬಸ್ಸಿನ ಕಿಟಕಿಯಲ್ಲೇ ಸಿ.ಎ. ಓದುತ್ತಾಳೆ, ಆಡಿಟ್ ಮಾಡಲು ಮೊದಲು ಸಿಗುವುದು ಕಂಡಕ್ಟರು." ಸುಂಕಲಮ್ಮನಿಗೆ "ನರ್ಸ್ ಆಗುತ್ತಾಳಂತೆ, ರೋಗಿ ಎಚ್ಚರವಿದ್ದು ಇವಳನ್ನು ನೋಡಿಕೊಳ್ಳಬೇಕು."

ಆದರೆ ಕೇಳು. ನಲವತ್ತನೇ ಪುಟ ಆದ ಮೇಲೆ ನಲವತ್ತಮೂರು! ನಡುವಿನ ಹಾಳೆ ಯಾವ ಪ್ರತಿಯಲ್ಲೂ ಇಲ್ಲ. ನಲವತ್ತೊಂದು ನಾನು, ಅದರ ಬೆನ್ನಿಗೆ ನಲವತ್ತೆರಡು ನೀನು. ಪುಸ್ತಕದ ಸಂಪಾದಕಿಯೇ ಪುಸ್ತಕದಿಂದ ನಾಪತ್ತೆ. ಎಲ್ಲರೂ ಬಿದ್ದು ಬಿದ್ದು ನಕ್ಕರು. ನಿಮ್ಮಪ್ಪ ಗುರುಮೂರ್ತಿ ಮಾಮ ಬೈಂಡಿಂಗ್ ಮಾಡುವ ಪ್ರೆಸ್ಸಿಗೇ ಕೊಟ್ಟಿದ್ದು ನಾನು, ಬೇಗ ಮಾಡಿಕೊಡುತ್ತಾರೆ ಅಂತ. ಅವರ ಕೈಯಿಂದ ಇಂಥ ತಪ್ಪು ಹೇಗಾಯಿತೋ.

ಚೀಟಿ ಎತ್ತುವಾಗ ನಾನು ಮೋಸ ಮಾಡಿದ್ದು ನಿನಗೆ ಗೊತ್ತೇ ಇದೆ. ನನಗೆ ನೀನು, ನಿನಗೆ ನಾನು ಬರುವ ಹಾಗೆ ಮಡಚಿ ಇಟ್ಟಿದ್ದೆ. ನೀನು ನನ್ನ ಬಗ್ಗೆ ಬರೆದದ್ದನ್ನು ಅಚ್ಚಾಗುವ ತನಕ ಓದುವುದಿಲ್ಲ ಅಂತ ಮಾತು ಕೊಟ್ಟಿದ್ದೆ, ಓದಲೂ ಇಲ್ಲ. ಈಗ ಅದು ಸಿಗಲೇ ಇಲ್ಲ. ನಾನು ನಿನ್ನ ಬಗ್ಗೆ ಬರೆದದ್ದು ಮಾತ್ರ ಬಾಯಿಪಾಠ ಇದೆ, ಕೇಳಿಸಿಕೋ:

"ಹೆಸರು: ಭವ್ಯಾ ಜಿ. ಸ್ವಭಾವ: ಮಾತು ಕಡಿಮೆ, ಓಟ ಜಾಸ್ತಿ. ಚಟುವಟಿಕೆ: ಖೋಖೋ. ಇವಳು ಬೆನ್ನಟ್ಟಿದರೆ ತಪ್ಪಿಸಿಕೊಂಡವರು ಜಿಲ್ಲೆಯಲ್ಲಿ ಇನ್ನೂ ಹುಟ್ಟಿಲ್ಲ. ಗುರಿ: ಮೈಸೂರಿನ ಕ್ರೀಡಾ ಹಾಸ್ಟೆಲಿಗೆ ಆಯ್ಕೆಯಾಗಿದ್ದಾಳೆ. ಮುಂದೆ ಪಿ.ಟಿ. ಮೇಡಂ ಆಗಿ ಕೊರಳಿಗೆ ಸೀಟಿ ಕಟ್ಟಿಕೊಳ್ಳುತ್ತಾಳೆ. ತಾಳಿಯೇ? ಅದನ್ನು ಕಟ್ಟಲು ಬರುವ ಗಂಡು ಮೊದಲು ಇವಳನ್ನು ಓಡಿ ಹಿಡಿಯಲಿ."

ಅಚ್ಚಿಗೆ ಕೊಡುವ ಮುಂಚೆ ಕೊನೆಯ ಸಾಲು ನೋಡಿ ಪುಷ್ಪಲತಾ ಮೇಡಂ ಕೂಡ ನಕ್ಕಿದ್ದರು. ಮಾರ್ಚ್ ಒಂದಕ್ಕೆ ಪರೀಕ್ಷೆ. ಬೇಗ ಬಾ.

ನಿನ್ನ,
ಪೂಜಾ


ಹರಿಹರ
೧೭ ಫೆಬ್ರವರಿ

ಪೂಜಾ,

ಹಾಳೆ ತಪ್ಪಿ ಬಿದ್ದುಹೋಗಿಲ್ಲ. ನೂರಿಪ್ಪತ್ತು ಪ್ರತಿಯಿಂದಲೂ ಅಪ್ಪನೇ ಒಂದೊಂದಾಗಿ ತೆಗೆದರು.

ಅಪ್ಪ ಓದಿದ್ದು ಏಳನೇ ಕ್ಲಾಸು. ಆದರೆ ಮಡಚಲು ಬಂದ ಕಾಗದವನ್ನೆಲ್ಲ ಓದುತ್ತಾರೆ. ಲಗ್ನಪತ್ರಿಕೆ, ಸೊಸೈಟಿ ವರದಿ, ಚುನಾವಣೆಯ ಕರಪತ್ರ, ಯಾವುದನ್ನೂ ಬಿಡುವುದಿಲ್ಲ. ಮಗಳ ಹೆಸರು ಅಚ್ಚಿನಲ್ಲಿ ಕಂಡರೆ ಬಿಡುತ್ತಾರಾ? ಆ ಹಾಳೆಯನ್ನು ಶರ್ಟಿನೊಳಗೆ ಇಟ್ಟುಕೊಂಡು ಮನೆಗೆ ತಂದರು. ಅವತ್ತು ಹರಿಹರದಿಂದ ಮಾರಪ್ಪ ಮಾವ ಬಂದಿದ್ದರು, ಜೊತೆಗೆ ಮಗ ಮಹೇಂದ್ರ. ಅಪ್ಪ ನಡುಮನೆಯಲ್ಲಿ ನಿಂತು, ಎಲ್ಲರಿಗೂ ಕೇಳುವ ಹಾಗೆ ಗಟ್ಟಿಯಾಗಿ ಓದಿದರು.

ನಾನು ನಿನಗೆ ಮಹೇಂದ್ರನ ವಿಷಯ ಯಾವತ್ತೂ ಹೇಳಿಲ್ಲ. ಹೇಳುವಂಥದ್ದು ಅಂತ ಅನಿಸಿರಲಿಲ್ಲ. ನಾನು ತೊಟ್ಟಿಲಲ್ಲಿದ್ದಾಗಲೇ ಇವಳು ನಮ್ಮ ಮನೆ ಸೊಸೆ ಅಂತ ಮಾವ ಅಂದಿದ್ದರಂತೆ. ಅವ್ವ ತವರಿನ ಮಾತು ಮೀರುವವಳಲ್ಲ. ಅಪ್ಪ ಮಾತ್ರ ಓದು ಮುಗಿಯಲಿ, ಓದು ಮುಗಿಯಲಿ ಅಂತ ಮುಂದಕ್ಕೆ ಹಾಕಿಕೊಂಡು ಬಂದಿದ್ದರು. ಇನ್ನೂ ನಾಲ್ಕು ವರ್ಷ ಹಾಗೇ ಹಾಕುತ್ತಿದ್ದರೇನೋ.

ಮಹೇಂದ್ರನಿಗೆ ಬಲಗಾಲಿನ ಪಾದ ಅರ್ಧ ಇಲ್ಲ. ಮೂರು ವರ್ಷದ ಹಿಂದೆ ವರ್ಕ್‌ಶಾಪಿನಲ್ಲಿ ಕಬ್ಬಿಣದ ಹಾಳೆ ಬಿತ್ತು. ಕುಂಟುತ್ತಾನೆ.

ಈಗ ನೀನು ಬರೆದ ಕೊನೆಯ ಸಾಲನ್ನು ಇನ್ನೊಮ್ಮೆ ಓದಿಕೋ.

ಮಾವ ಎದ್ದು ನಿಂತು, "ನನ್ನ ಮಗನ ಕಾಲು ನಿಮ್ಮ ಮನ್ಯಾಗ ನಗಚಾಟಿಕೆ ಆತೇನ್ರಿ ಭಾವ? ಅದನ್ನ ಅಚ್ಚು ಹಾಕಿಸಿ ಊರಿಗೆ ಹಂಚ್ತೀರೇನು?" ಅಂದರು. ಗೆಳತಿ ಗೊತ್ತಿಲ್ಲದೆ ಬರೆದದ್ದು ಅಂತ ನಾನು ಎಷ್ಟು ಹೇಳಿದರೂ ನಂಬಲಿಲ್ಲ. ನಾನೇ ಹೇಳಿ ಬರೆಸಿದ್ದೇನೆ ಅಂತಲೇ ಅವರ ಲೆಕ್ಕ. ಮೈಸೂರಿನ ವಿಷಯ ಎಲ್ಲರಿಂದ ಮುಚ್ಚಿಟ್ಟಿದ್ದೆನಲ್ಲ, ಅದನ್ನು ಮುಚ್ಚಿಟ್ಟವಳು ಏನು ಬೇಕಾದರೂ ಮಾಡುತ್ತಾಳೆ ಅಂತ ಅವತ್ತೇ ನನ್ನನ್ನು ಇಲ್ಲಿಗೆ ಕರೆತಂದರು. ಆಯ್ಕೆಯ ಮೆಸೇಜು ಇದ್ದ ಫೋನು ಈಗ ಮಾವನ ಪೆಟ್ಟಿಗೆಯಲ್ಲಿದೆ.

ಫಲಿತಾಂಶ ಬಂದ ದಿನ, ಅಪ್ಪ ಖುಷಿಯಾಗಿದ್ದಾಗ, ನಾನೇ ಹೇಳುತ್ತೇನೆ ಅಂದಿದ್ದೆ ನಿನಗೆ. ಮೂರು ಸಲ ಹೇಳಿದ್ದೆ.

ಭವ್ಯಾ


ದಾವಣಗೆರೆ
೧೯ ಫೆಬ್ರವರಿ

ಭವ್ಯಾ,

ನಾಲ್ಕು ಹಾಳೆ ಬರೆದು ಹರಿದೆ. ಮೊದಲನೆಯದರಲ್ಲಿ ನನ್ನದೇನೂ ತಪ್ಪಿಲ್ಲ ಅಂತ ಬರೆದಿದ್ದೆ. ಎರಡನೆಯದರಲ್ಲಿ ಎಲ್ಲ ನನ್ನದೇ ತಪ್ಪು ಅಂತ. ಎರಡನ್ನೂ ಓದಿದರೆ ಎರಡೂ ನಾಟಕದ ಹಾಗಿತ್ತು.

ನಿಜ ಹೇಳುತ್ತೇನೆ. ನೀನು ಯಾರಿಗೂ ಹೇಳಬೇಡ ಅಂದದ್ದು ನೆನಪಿತ್ತು. ಆದರೂ ಬರೆದೆ. ಪುಸ್ತಕ ಓದುವವರು ನಾವೇ ಹುಡುಗಿಯರು, ಬೈಂಡಿಂಗ್ ಮಾಡುವವರು ಓದುತ್ತಾರೆ ಅಂತ ಹೊಳೆಯಲಿಲ್ಲ. ಮಿಠಾಯಿ ಮಾಡುವವನು ಮಿಠಾಯಿ ತಿನ್ನುವುದಿಲ್ಲ ಅಂದುಕೊಂಡ ಹಾಗೆ. ಇನ್ನೊಂದು ನಿಜ, ಆ ಸೀಟಿ ಮತ್ತು ತಾಳಿಯ ಸಾಲು ಹೊಳೆದಾಗ ನನಗೆ ಎಷ್ಟು ಖುಷಿಯಾಯಿತು ಅಂದರೆ ನಿನ್ನ ಮಾತು ಆ ಖುಷಿಯಲ್ಲಿ ಮರೆತೇಹೋಯಿತು. ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು ಅಂತ ನಮ್ಮಮ್ಮ ಅನ್ನಪೂರ್ಣಮ್ಮ ದಿನಕ್ಕೆ ಎರಡು ಸಲ ನನಗೆ ಹೇಳುತ್ತಾರೆ. ಕೇಳಿ ಕೇಳಿ ಅದು ಕಿವಿಗೇ ಹೋಗುತ್ತಿರಲಿಲ್ಲ.

ನಿನ್ನೆ ಪ್ರೆಸ್ಸಿಗೆ ಹೋಗಿದ್ದೆ, ನಿಮ್ಮಪ್ಪನ ಕಾಲಿಗೆ ಬಿದ್ದಾದರೂ ಕೇಳೋಣ ಅಂತ. ಅಲ್ಲಿದ್ದವರು "ಗುರುಮೂರ್ತಿ ಇವತ್ತ ಬಂದಿಲ್ಲಮ್ಮ" ಅಂದರು. ಕಟಿಂಗ್ ಮಷಿನ್ ಕೆಳಗೆ ಅವರ ಚಪ್ಪಲಿ ಕಂಡಿತು. ವಾಪಸ್ ಬಂದೆ.

ಈಗ ಕೆಲಸದ ಮಾತು. ನಿನ್ನ ಹಾಲ್‌ಟಿಕೆಟ್ ಪುಷ್ಪಲತಾ ಮೇಡಂ ಹತ್ತಿರ ಭದ್ರವಾಗಿದೆ. ಪಾಸಾದರೆ ಸಾಕು, ಹಾಸ್ಟೆಲ್ ಸೀಟು ಮೇ ಹನ್ನೆರಡರ ತನಕ ನಿನ್ನ ಹೆಸರಿನಲ್ಲೇ ಇರುತ್ತದೆ ಅಂದಿದ್ದಾರೆ. ಪರೀಕ್ಷೆಯೊಂದು ಬರೆಯಲು ಬಿಡಿ ಅಂತ ನಿಮ್ಮ ಮಾವನಿಗೆ ಕೇಳು. ಪರೀಕ್ಷೆ ಬೇಡ ಅನ್ನುವವರು ಯಾರಿರುತ್ತಾರೆ?

ನೋಟ್ಸ್ ಎಲ್ಲ ಶಹಜಾದಿ ಕೈಲಿ ಕಳಿಸಿದ್ದೇನೆ. ಇತಿಹಾಸದಲ್ಲಿ ಮುಖ್ಯವಾದ್ದಕ್ಕೆ ಕೆಂಪು ಗೆರೆ ಎಳೆದಿದ್ದೇನೆ. ನೀನು ಹೇಗೂ ಕೆಂಪು ಗೆರೆ ಬಿಟ್ಟು ಬೇರೆ ಓದುವವಳಲ್ಲ.

ಕ್ಷಮಿಸು ಅಂತ ಕೇಳುವುದಿಲ್ಲ. ಬಂದಾಗ ಎರಡು ಹೊಡಿ.

ಪೂಜಾ


ಹರಿಹರ
೨೬ ಫೆಬ್ರವರಿ

ಪೂಜಾ,

ಮಾವ ಒಪ್ಪಿದ್ದಾರೆ.

ನಾನು ಕೇಳಿದ್ದಲ್ಲ. ಮಹೇಂದ್ರ ಕೇಳಿದ. ಊಟಕ್ಕೆ ಕೂತಾಗ ತಟ್ಟೆ ನೋಡಿಕೊಂಡೇ, "ಎರಡು ವರ್ಷ ಓದ್ಯಾಳ, ಪರೀಕ್ಷೆ ಬರೀಲಿ ಬಿಡಪ. ನಾನಾ ಗಾಡಿ ಮ್ಯಾಲ ಕರ್ಕೊಂಡು ಹೋಗಿ ಕರ್ಕೊಂಡು ಬರ್ತೀನಿ" ಅಂದ. ಮಾವ ಮಾತಾಡದೆ ಅನ್ನ ಕಲಸಿದರು. ಹಾಗಂದರೆ ಈ ಮನೆಯಲ್ಲಿ ಒಪ್ಪಿಗೆ.

ಅವನು ಕೆಟ್ಟವನಲ್ಲ. ಅದೇ ಕಷ್ಟ. ಕೆಟ್ಟವನಾಗಿದ್ದರೆ ನನಗೆ ದಾರಿ ಸುಲಭವಿತ್ತು.

ಬೆಳಿಗ್ಗೆ ಹಿತ್ತಲಲ್ಲಿ ಎಲ್ಲರೂ ಏಳುವ ಮುಂಚೆ ಸ್ವಲ್ಪ ಓಡುತ್ತೇನೆ. ಹನ್ನೊಂದು ಹೆಜ್ಜೆಗೆ ಗೋಡೆ ಬರುತ್ತದೆ. ತಿರುಗಿ ಹನ್ನೊಂದು. ಅಜ್ಜಿ ಓಬವ್ವ ಕಿಟಕಿಯಿಂದ ನೋಡಿ, "ದೆವ್ವ ಹೊಕ್ಕೈತೇನ ಇದಕ" ಅಂತಾಳೆ. ಆದರೆ ಯಾರಿಗೂ ಹೇಳಿಲ್ಲ.

ಒಂದನೇ ತಾರೀಕು ಒಂಬತ್ತು ಗಂಟೆಗೆ ಗೇಟಿನ ಹತ್ತಿರ ನಿಂತಿರು. ಹಾಲ್‌ಟಿಕೆಟ್, ಎರಡು ನೀಲಿ ಪೆನ್ನು ತಗೊಂಡು ಬಾ. ಇಲ್ಲಿ ಪೆನ್ನು ಕೇಳಿದರೆ ಯಾತಕ್ಕೆ ಅಂತ ಕೇಳುತ್ತಾರೆ.

ಹೊಡೆಯುವುದು ಪರೀಕ್ಷೆ ಮುಗಿದ ಮೇಲೆ.

ಭವ್ಯಾ


ದಾವಣಗೆರೆ
೧ ಮಾರ್ಚ್, ಸಂಜೆ

ಭವ್ಯಾ,

ಎಂಟೂವರೆಯಿಂದ ಗೇಟಿನ ಹತ್ತಿರ ನಿಂತಿದ್ದೆ. ಬಂದ ಪ್ರತಿ ಬೈಕನ್ನೂ ನೋಡಿದೆ. ಹತ್ತು ಗಂಟೆಗೆ ಕೊನೆಯ ಗಂಟೆ ಹೊಡೆದಾಗ ಪುಷ್ಪಲತಾ ಮೇಡಂ ನನ್ನ ರಟ್ಟೆ ಹಿಡಿದು ಒಳಗೆ ಎಳೆದುಕೊಂಡು ಹೋದರು.

ನಿನ್ನ ನಂಬರು ನನ್ನ ಹಿಂದಿನ ಬೆಂಚಿಗೇ ಬಂದಿತ್ತು. ಕೊಠಡಿಯ ಮೇಲ್ವಿಚಾರಕರು ಅರ್ಧ ಗಂಟೆ ಕಾದು, ಆಮೇಲೆ ಹಾಜರಿ ಹಾಳೆಯಲ್ಲಿ ನಿನ್ನ ಹೆಸರಿನ ಮುಂದೆ ಕೆಂಪು ಪೆನ್ನಿನಲ್ಲಿ ಏನೋ ಬರೆದರು. ನಾನು ತಿರುಗಿ ನೋಡಿದೆ. "ಮುಂದೆ ನೋಡಮ್ಮ" ಅಂದರು. ಕನ್ನಡ ಪ್ರಬಂಧಕ್ಕೆ ಬಂದದ್ದು ಯಾವ ವಿಷಯ ಅಂತ ಈಗ ನೆನಪಾಗುತ್ತಿಲ್ಲ. ಮೂರು ಪುಟ ಬರೆದಿದ್ದೇನೆ.

ಏನಾಯಿತು? ಇದೊಂದು ಹೋದರೆ ಹೋಗಲಿ, ಮಿಕ್ಕವಾದರೂ ಬರೆ. ಪೆನ್ನು ನನ್ನ ಚೀಲದಲ್ಲೇ ಇದೆ.

ಪೂಜಾ


ಹರಿಹರ
೨೧ ಮಾರ್ಚ್

ಪೂಜಾ,

ನಿನ್ನೆಗೆ ನಿಮ್ಮ ಪರೀಕ್ಷೆ ಮುಗಿಯಿತಲ್ಲ. ಅದಕ್ಕೇ ಇವತ್ತು ಬರೆಯುತ್ತಿದ್ದೇನೆ, ಮುಂಚೆ ಬರೆದು ನಿನ್ನ ಓದು ಹಾಳು ಮಾಡುವುದು ಬೇಡ ಅಂತ.

ಒಂದನೇ ತಾರೀಕು ನಾವು ಹೊರಟಿದ್ದೆವು. ಅವನು ಗಾಡಿ ನಿಧಾನಕ್ಕೆ ಓಡಿಸುತ್ತಾನೆ, ಆದರೂ ಎಂಟೂ ಮುಕ್ಕಾಲಿಗೆ ಬಾತಿಗೆ ಬಂದಿದ್ದೆವು. ಕೆರೆ ಕಾಣುತ್ತಿತ್ತು. ಇನ್ನು ಕಾಲು ಗಂಟೆ. ಆಗ ಅವನ ಫೋನು ಹೊಡೆಯಿತು. ಅಜ್ಜಿಗೆ ಎದೆನೋವು, ತಕ್ಷಣ ಬರ್ರಿ ಅಂತ ಮಾವ.

ಅವನು ಗಾಡಿ ಪಕ್ಕಕ್ಕೆ ನಿಲ್ಲಿಸಿದ. "ಏನ್ ಮಾಡ್ಲಿ ಹೇಳು" ಅಂದ. ನನ್ನನ್ನು ಇಲ್ಲೇ ಇಳಿಸು, ಆಟೋ ಹಿಡಿದು ಹೋಗುತ್ತೇನೆ ಅನ್ನಬಹುದಿತ್ತು. ಪೂಜಾ, ನಾನು ಇಳಿದು ಓಡಿದ್ದರೂ ಹೊತ್ತಿಗೆ ಸರಿಯಾಗಿ ಬರುತ್ತಿದ್ದೆ. ನನ್ನ ಓಟ ನನಗೆ ಗೊತ್ತಿಲ್ಲವಾ? ಆದರೆ ನಾನು ಓಡುವುದನ್ನು ಅವನು ಅಲ್ಲಿ ನಿಂತು ನೋಡಬೇಕಾಗುತ್ತಿತ್ತು. ನಿನ್ನ ಸಾಲು ನನಗೆ ನೆನಪಾಯಿತು. ಅವನಿಗೂ ನೆನಪಾಯಿತು ಅಂತ ಅವನ ಮುಖದಲ್ಲಿ ಕಂಡಿತು. ಗಾಡಿ ತಿರುಗಿಸಿದ.

ಮನೆಗೆ ಬಂದರೆ ಅಜ್ಜಿ ಕಟ್ಟೆಯ ಮೇಲೆ ಕೂತು ಮಂಡಕ್ಕಿ ತಿನ್ನುತ್ತಿದ್ದಳು. ಒಳಗೆ ನೆಂಟರು ಬಂದು ಕೂತಿದ್ದರು. ಹೊಸ ಸೀರೆ, ಎಲೆ ಅಡಿಕೆ, ಎಲ್ಲ ತಟ್ಟೆಯಲ್ಲಿತ್ತು. ಅಪ್ಪನೂ ಬಂದಿದ್ದರು. ಮೂಲೆಯಲ್ಲಿ ಕೂತು ಕೈ ನೋಡಿಕೊಳ್ಳುತ್ತಿದ್ದರು. ಅವರ ಬೆರಳಿಗೆ ಯಾವಾಗಲೂ ಗೋಂದು ಅಂಟಿರುತ್ತದೆ, ಅದನ್ನು ಕೀಳುತ್ತಿದ್ದರು. ಮದುವೆ ನಿಶ್ಚಯ ಅಂತ ವೀಳ್ಯ ಬದಲಾಯಿಸಿಕೊಂಡರು.

ಮಿಕ್ಕ ವಿಷಯ ಯಾಕೆ ಬರೆಯಲಿಲ್ಲ ಅಂತ ಕೇಳಬೇಡ. ವೀಳ್ಯ ಆದ ಹುಡುಗಿ ಹೊಸಿಲು ದಾಟಬಾರದಂತೆ.

ಜೂನ್ ಆರಕ್ಕೆ ನನಗೆ ಹದಿನೆಂಟು ತುಂಬುತ್ತದೆ. ಅಲ್ಲಿಯ ತನಕ ಕಾಯುತ್ತಾರೆ. ಮಾವ ಕಾನೂನು ತಿಳಿದವರು, ಎಲ್ಲ ಸರಿಯಾಗಿಯೇ ಮಾಡುತ್ತಾರೆ.

ಭವ್ಯಾ


ದಾವಣಗೆರೆ
೧೨ ಏಪ್ರಿಲ್

ಭವ್ಯಾ,

ಫಲಿತಾಂಶ ಬಂತು. ನನಗೆ ಶೇಕಡಾ ತೊಂಬತ್ತೊಂದು. ಶಹಜಾದಿಗೆ ತೊಂಬತ್ತಾರು, ಅಮ್ಮಿ ಓಣಿಗೆಲ್ಲ ಸಕ್ಕರೆ ಹಂಚಿದರಂತೆ, ನಿಮ್ಮ ಮನೆಗೂ ಬಂದಿರಬೇಕು. ಸುಂಕಲಮ್ಮ ಇಂಗ್ಲಿಷಿನಲ್ಲಿ ಹೋಗಿದ್ದಾಳೆ, ಮತ್ತೆ ಕಟ್ಟುತ್ತಾಳೆ. ಪಟ್ಟಿಯಲ್ಲಿ ನಿನ್ನ ಹೆಸರೂ ಇತ್ತು. ಅದರ ಮುಂದೆ ಇದ್ದದ್ದನ್ನು ಬರೆಯುವುದಿಲ್ಲ.

ಮೂರು ಪರೀಕ್ಷೆ ಇಟ್ಟಿದ್ದಾರೆ ಈಗ, ಗೊತ್ತಲ್ಲ. ಎರಡನೆಯದು ಇಪ್ಪತ್ತನಾಲ್ಕಕ್ಕೆ ಶುರು. ನಿನ್ನ ಅರ್ಜಿ ತುಂಬಿದ್ದೇನೆ. ನಿನ್ನ ಸಹಿ ನಾನೇ ಹಾಕಿದೆ, ನಿನ್ನ ಜಿ ಅಕ್ಷರದ ಬಾಲ ನನಗೆ ಚೆನ್ನಾಗಿ ಬರುತ್ತದೆ. ಮೇಡಂಗೆ ಗೊತ್ತಾಯಿತು, ಗೊತ್ತಾಗದವರ ಹಾಗೆ ಇದ್ದರು.

ನಾನು ಮಾತಿನಲ್ಲಿ ಕೆಡಿಸಿದ್ದನ್ನು ಮಾತಿನಲ್ಲೇ ಸರಿ ಮಾಡುತ್ತೇನೆ. ಇಪ್ಪತ್ತಕ್ಕೆ ಭಾನುವಾರ, ನಾನೇ ಹರಿಹರಕ್ಕೆ ಬರುತ್ತೇನೆ. ನಿಮ್ಮ ಮಾವನ ಎದುರು ಕೂತು, ಆ ಸಾಲು ಬರೆದವಳು ನಾನು, ಇವಳಿಗೆ ಏನೂ ಗೊತ್ತಿರಲಿಲ್ಲ ಅಂತ ಹೇಳುತ್ತೇನೆ. ಬೇಕಾದರೆ ಮಹೇಂದ್ರನ ಕಾಲು ಹಿಡಿದು ಕೇಳುತ್ತೇನೆ.

ಬರೆದ ಮೇಲೆ ನೋಡಿದೆ. ಕಾಲು ಹಿಡಿದು ಅಂತ ಬರೆದಿದ್ದೇನೆ. ಹೊಡೆದುಹಾಕುವುದಿಲ್ಲ, ನಾನು ಎಂಥವಳು ಅಂತ ನಿನಗೆ ಗೊತ್ತಾಗಲಿ.

ಪೂಜಾ


ಹರಿಹರ
೨೯ ಏಪ್ರಿಲ್

ಪೂಜಾ,

ನೀನು ಬಂದು ಹೋಗಿ ಒಂಬತ್ತು ದಿನವಾಯಿತು. ಅವತ್ತು ನಾನು ನಿನ್ನ ಮುಖ ನೋಡಲಿಲ್ಲ ಅಂತ ನಿನಗೆ ಬೇಜಾರಾಗಿರುತ್ತದೆ. ನೋಡಿದ್ದರೆ ಎದ್ದು ನಿನ್ನ ಜೊತೆ ಬಸ್ ಸ್ಟ್ಯಾಂಡಿಗೆ ಬಂದುಬಿಡುತ್ತಿದ್ದೆ.

ನೀನು ಎಲ್ಲ ಹೇಳಿದೆ. ಚೆನ್ನಾಗಿಯೇ ಹೇಳಿದೆ. ಅತ್ತೆಯ ಕಣ್ಣಲ್ಲಿ ನೀರು ಬಂತು. ಮಾವ ಮೆತ್ತಗಾದ ಹಾಗೆ ಕಂಡಿತು. "ಅವಲಕ್ಕಿ ತಿನ್ರಿ" ಅಂದರು. ಆಮೇಲೆ ನಿನ್ನ ಮುಂದಿನ ಓದು ಯಾವುದು ಅಂತ ಕೇಳಿದರು. ಮೈಸೂರು, ಪತ್ರಿಕೋದ್ಯಮ ಅಂದೆ ನೀನು. "ನಿಮ್ಮಪ್ಪಾರು ನಾಗರಾಜಪ್ಪನೋರು ಕಳಿಸ್ತಾರ. ಅಂಗಡಿ ಐತೆ, ಹೆಸರೈತೆ. ನಿಮ್ಮಂಥೋರ ಮನಿ ಹುಡುಗಿ ಏನ್ ಬರದ್ರೂ ಚಂದ ಕಾಣತೈತೆ. ನಮ್ಮ ಹುಡುಗಿ ಬಗ್ಗೆ ಬರದ್ರ ಹಂಗಲ್ಲಮ್ಮ" ಅಂದರು. ಸಿಟ್ಟಿನಲ್ಲಿ ಹೇಳಲಿಲ್ಲ. ನೀನು ತಟ್ಟೆ ಕೆಳಗಿಟ್ಟೆ.

ನಿನಗೆ ಗೊತ್ತಿಲ್ಲದ್ದು ಆಮೇಲೆ ನಡೆದದ್ದು. ಸಂಜೆ ಮಹೇಂದ್ರ ಹಿತ್ತಲಿಗೆ ಬಂದ. "ಭವ್ಯಾ, ನಿನಗ ಮನಸಿಲ್ಲಂದ್ರ ಹೇಳಿಬಿಡು. ನಾನಾ ಒಲ್ಲೆ ಅಂತೀನಿ. ಬೈಸಿಕೊಳ್ಳೋದು ನಂದಿರಲಿ" ಅಂದ.

ಪೂಜಾ, ಬಾಗಿಲು ತೆಗೆದು ಹಿಡಿದಿದ್ದ ಅವನು. ಹ್ಞೂಂ ಅಂದರೆ ಸಾಕಿತ್ತು.

ಅವನು ಗೋಡೆ ಹಿಡಿದು ನಿಂತಿದ್ದ. ಬಲಗಾಲನ್ನು ಎಡಗಾಲಿನ ಹಿಂದೆ ಮರೆ ಮಾಡಿಕೊಂಡಿದ್ದ. ಮೊದಲು ಹಾಗೆ ಮಾಡುತ್ತಿರಲಿಲ್ಲ, ನಾವೆಲ್ಲ ಅವನನ್ನು ಚಿಕ್ಕಂದಿನಿಂದ ಕಂಡವರು, ಮರೆಸುವುದೇನು? ಆ ಹಾಳೆ ಓದಿದ ದಿನದಿಂದ ಮರೆಸುತ್ತಾನೆ. ನಾನು ಈಗ ಬೇಡ ಅಂದರೆ ಓದಿಗಾಗಿ ಬೇಡ ಅಂದೆ ಅಂತ ಯಾರೂ ಅನ್ನುವುದಿಲ್ಲ. ಅವನೂ ಅನ್ನುವುದಿಲ್ಲ. ಕಾಲಿಗಾಗಿ ಬೇಡ ಅಂದೆ ಅಂತಲೇ ಸಾಯುವ ತನಕ ಅಂದುಕೊಳ್ಳುತ್ತಾನೆ.

"ಹಂಗೇನಿಲ್ಲ" ಅಂದೆ.

ಖೋಖೋದಲ್ಲಿ ಕೂತವಳು ಯಾರಾದರೂ ಬಂದು ಬೆನ್ನು ಮುಟ್ಟಿ ಖೋ ಅನ್ನುವ ತನಕ ಏಳುವ ಹಾಗಿಲ್ಲ, ಅಂತ ನಿನಗೆ ಎಷ್ಟು ಸಲ ಹೇಳಿಕೊಟ್ಟಿದ್ದೆ. ಅವನು ಬಂದು ಮುಟ್ಟಿದ. ನಾನೇ ಏಳಲಿಲ್ಲ. ಇದಕ್ಕೆ ನಿನ್ನನ್ನು ಬೈಯಲು ಬರುವುದಿಲ್ಲ, ಅಪ್ಪನನ್ನೂ ಬರುವುದಿಲ್ಲ. ಯಾರನ್ನೂ ಬೈಯಲು ಬರದೇ ಇರುವುದು ಎಷ್ಟು ಸುಸ್ತು ಗೊತ್ತಾ?

ಎರಡನೇ ಪರೀಕ್ಷೆ ಶುರುವಾಗಿ ಐದು ದಿನವಾಯಿತು. ಮೂರನೆಯದಕ್ಕೆ ಅರ್ಜಿ ತುಂಬಬೇಡ. ನನ್ನ ಸಹಿ ಇನ್ನು ಹಾಕಬೇಡ. ಹಿತ್ತಲಲ್ಲಿ ಓಡುವುದನ್ನು ಬಿಟ್ಟಿದ್ದೇನೆ, ಅಜ್ಜಿಗೆ ಸಮಾಧಾನವಾಗಿದೆ. ಶಹಜಾದಿ ಕೈಲಿ ಪತ್ರ ಕಳಿಸುವುದೂ ಸಾಕು. ಪಾಪ, ಆ ಹುಡುಗಿಗೆ ಅವಳದೇ ಓದು ಬೇಕಾದಷ್ಟಿದೆ.

ನಿನ್ನ ಮೇಲೆ ಸಿಟ್ಟಿಲ್ಲ.

ಭವ್ಯಾ


ದಾವಣಗೆರೆ
೫ ಜೂನ್

ಭವ್ಯಾ,

ಪತ್ರ ಬೇಡ ಅಂದಿದ್ದೆ ನೀನು. ಒಂದೇ ಒಂದು.

ನಾಳೆ ನಿನ್ನ ಹುಟ್ಟುಹಬ್ಬ. ಒಂಬತ್ತನೇ ತಾರೀಕು ಮೂರನೇ ಪರೀಕ್ಷೆ. ಹನ್ನೆರಡಕ್ಕೆ ಮದುವೆ ಅಂತ ಶಹಜಾದಿ ಹೇಳಿದಳು. ಹಾಸ್ಟೆಲ್ ಸೀಟು ಬೇರೆ ಯಾರಿಗೋ ಹೋಯಿತು ಅಂತ ಮೇಡಂ ಹೇಳಿದರು. ಆದರೂ ಅರ್ಜಿ ತುಂಬಿದ್ದೇನೆ. ಪಾಸೊಂದು ಇರಲಿ, ಯಾವತ್ತಾದರೂ ಬೇಕಾಗುತ್ತದೆ. ಹಾಲ್‌ಟಿಕೆಟ್ ಇದರ ಜೊತೆಗಿದೆ. ಎರಡು ನೀಲಿ ಪೆನ್ನೂ ಇವೆ, ಫೆಬ್ರವರಿಯವೇ. ಒಮ್ಮೆ ಗೀಚಿ ನೋಡಿದೆ, ಇನ್ನೂ ಬರೆಯುತ್ತವೆ.

ಒಂಬತ್ತರ ಬೆಳಿಗ್ಗೆ ನಾನು ಗೇಟಿನ ಹತ್ತಿರ ನಿಂತಿರುತ್ತೇನೆ. ನನಗೆ ಪರೀಕ್ಷೆ ಇಲ್ಲ. ಸುಮ್ಮನೆ ನಿಂತಿರುತ್ತೇನೆ.

ಪೂಜಾ


ದಾವಣಗೆರೆ, ನಿಟ್ಟುವಳ್ಳಿ
೧೪ ಜುಲೈ ೨೦೨೫

ಪೂಜಮ್ಮನವರಿಗೆ ಗುರುಮೂರ್ತಿ ಮಾಡುವ ನಮಸ್ಕಾರಗಳು.

ನನ್ನ ಅಕ್ಷರ ಚೆನ್ನಾಗಿಲ್ಲ. ಕಾಗದ ಮಡಚಿದಷ್ಟು ಬರೆದು ಅಭ್ಯಾಸವಿಲ್ಲ. ನೀವು ಮೈಸೂರಿಗೆ ಹೋಗಿದ್ದೀರಿ ಅಂತ ತಿಳಿದು ನಿಮ್ಮ ತಂದೆಯವರ ಅಂಗಡಿಯಲ್ಲಿ ವಿಳಾಸ ತೆಗೆದುಕೊಂಡೆ.

ಭವ್ಯಾಳ ಮದುವೆ ಆಯಿತು. ಲಗ್ನಪತ್ರಿಕೆ ನಮ್ಮ ಪ್ರೆಸ್ಸಿನಲ್ಲೇ ಅಚ್ಚಾಯಿತು, ನಿಮಗೆ ಕಳಿಸಲಿಲ್ಲ. ಅವಳು ಬೇಡ ಅಂದಳು. ಅಳಿಯ ಒಳ್ಳೆಯವನು. ಫೋನು ವಾಪಸ್ ಕೊಟ್ಟಿದ್ದಾರೆ. ದಿನಾ ನಾನೇ ಮಾಡುತ್ತೇನೆ. "ಚೆನ್ನಾಗಿದೀನಪ್ಪ" ಅಂತಾಳೆ. ನೀವು ಕಳಿಸಿದ ಪೆನ್ನಿನಲ್ಲಿ ಅಳಿಯನ ವರ್ಕ್‌ಶಾಪಿನ ಸಾಮಾನು ಪಟ್ಟಿ ಬರೆಯುತ್ತಾಳಂತೆ. ಜೂನ್ ಒಂಬತ್ತನೇ ತಾರೀಕು ನೀವು ಮಧ್ಯಾಹ್ನದ ತನಕ ಗೇಟಿನಲ್ಲಿ ನಿಂತಿದ್ದನ್ನು ನಾನು ರಸ್ತೆಯ ಆ ಕಡೆಯಿಂದ ನೋಡಿದೆ. ನಾನೂ ನಿಂತಿದ್ದೆ.

ಫೆಬ್ರವರಿಯಲ್ಲಿ ನೀವು ಪ್ರೆಸ್ಸಿಗೆ ಬಂದಾಗ ಮಷಿನ್ ಹಿಂದೆ ಅವಿತುಕೊಂಡಿದ್ದೆ. ಅದಕ್ಕೆ ಕ್ಷಮೆ ಇರಲಿ. ನೀವು ಎಲ್ಲ ನಿಮ್ಮ ತಪ್ಪು ಅಂದುಕೊಂಡಿದ್ದೀರಿ ಅಂತ ಶಹಜಾದಿ ಹೇಳಿದಳು. ಅದಕ್ಕೇ ಈ ಕಾಗದ. ಅವತ್ತು ನಾನು ಸೀಟಿಯ ತನಕ ಓದಿದೆ. ಮುಂದಿನ ಸಾಲು ಕಣ್ಣಿಗೆ ಬಿತ್ತು. ಎದುರಿಗೆ ಮಹೇಂದ್ರ ಕೂತಿದ್ದ. ನಿಲ್ಲಿಸಬಹುದಿತ್ತು. ಆದರೆ ಮಗಳು ಅಚ್ಚಿನಲ್ಲಿ ಬಂದಿದ್ದಾಳೆ ಅನ್ನುವ ಹುರುಪಿನಲ್ಲಿ ಅದನ್ನೂ ಓದಿದೆ. ಓದಿ ನಕ್ಕೆ. ನಕ್ಕದ್ದು ನಾನು, ಪೂಜಮ್ಮ. ಭಾಮೈದನಿಗೆ ತಡೆಯಲಾಗದೇ ಹೋದದ್ದು ಆ ನಗು. ನೀವು ಬರೆದದ್ದು ಮೈಸೂರಿನ ಬಗ್ಗೆ, ನಾನು ನಕ್ಕದ್ದು ಹುಡುಗನ ಮುಖದ ಮೇಲೆ.

ನೂರಿಪ್ಪತ್ತು ಹಾಳೆ ತೆಗೆದೆನಲ್ಲ, ರದ್ದಿಗೆ ಹಾಕಲು ಕೈ ಬರಲಿಲ್ಲ. ಮೇ ತಿಂಗಳಲ್ಲಿ ನಿಮ್ಮ ಕಾಲೇಜಿನಿಂದ ಈ ವರ್ಷದ ಹಾಜರಿ ಪುಸ್ತಕಗಳ ಕೆಲಸ ಬಂತು. ರಟ್ಟಿನ ಮೇಲೆ ಬಟ್ಟೆ ಎಳೆಯುವ ಮುಂಚೆ ಒಳಗೆ ಹಳೇ ಕಾಗದ ಅಂಟಿಸುತ್ತೇವೆ, ಗಟ್ಟಿ ಇರಲಿ ಅಂತ. ಒಂದೊಂದು ಪುಸ್ತಕಕ್ಕೂ ಆ ಹಾಳೆಗಳನ್ನೇ ಅಂಟಿಸಿದೆ. ನನ್ನ ಮಗಳು ಇನ್ನೂ ಒಂದು ವರ್ಷ ಕಾಲೇಜಿನಲ್ಲಿ ಇರಲಿ ಅಂತ. ಪುಸ್ತಕ ಹರಿದರೆ ಮಾತ್ರ ಕಾಣುತ್ತಾಳೆ. ನಾನು ಕಟ್ಟಿದ್ದು ಹರಿಯುವುದಿಲ್ಲ.

ಒಂದು ಹಾಳೆ ಉಳಿಸಿದ್ದೆ. ಅವಳ ಬೆನ್ನಿಗೆ ನೀವು ಇದ್ದಿರಿ, ನಿಮ್ಮನ್ನು ಕೇಳದೆ ನಿಮ್ಮ ಪುಟವನ್ನೂ ತೆಗೆದುಬಿಟ್ಟೆ. ನಿಮ್ಮದು ನಿಮಗೆ ಸೇರಬೇಕು. ಇದರ ಜೊತೆ ಇಟ್ಟಿದ್ದೇನೆ.

ಇಂತಿ,
ಗುರುಮೂರ್ತಿ


೪೧

ಹೆಸರು: ಪೂಜಾ ಎನ್.

ಸ್ವಭಾವ: ಬಾಯಿ ನಿಲ್ಲುವುದಿಲ್ಲ. ನಿದ್ದೆಯಲ್ಲೂ ಮಾತಾಡುತ್ತಾಳೆ ಅಂತ ಇವಳ ಅಮ್ಮ ಹೇಳಿದ್ದಾರೆ.

ಚಟುವಟಿಕೆ: ನಾನು ಆಡುವಾಗ ಕಂಬದ ಪಕ್ಕ ನಿಂತು ಕೂಗುವುದು. ಆಟದ ನಿಯಮ ಇವತ್ತಿಗೂ ಬರುವುದಿಲ್ಲ. ಎದುರು ತಂಡದವರು ಔಟ್ ಮಾಡಿದರೂ ಚಪ್ಪಾಳೆ ಹೊಡೆಯುತ್ತಾಳೆ.

ಗುರಿ: ಪತ್ರಿಕೆಯಲ್ಲಿ ಬರೆಯುವುದು. ಖಂಡಿತ ಬರೆಯುತ್ತಾಳೆ. ನನಗೆ ಮನಸ್ಸಿನಲ್ಲಿರುವುದನ್ನು ಬಾಯಿಬಿಟ್ಟು ಹೇಳಲು ಬರುವುದಿಲ್ಲ, ಮನೆಯಲ್ಲಂತೂ ಧೈರ್ಯವೇ ಇಲ್ಲ. ಇವಳ ಬಾಯಲ್ಲಿ ಕೇಳಿದಾಗ ಮಾತ್ರ ನನ್ನ ಆಸೆ ನನಗೇ ನಿಜ ಅನಿಸುತ್ತದೆ. ನಾನು ಹೇಳಲಾರದ್ದನ್ನು ಒಂದು ದಿನ ಇವಳೇ ನನ್ನ ಪರವಾಗಿ ಎಲ್ಲರಿಗೂ ಹೇಳಿಬಿಡುತ್ತಾಳೆ ಅಂತ ಕಾಯುತ್ತಿದ್ದೇನೆ.

ಬರೆದವಳು: ಭವ್ಯಾ ಜಿ.